ಹದಿಮೂರು ಚೌಕ

ಎರಡು ವರ್ಷ ಫಿಟ್ಸ್ ಅಂತಲೇ ಮಾತ್ರೆ ಕೊಟ್ಟರು.
ದೇಚು, ಹನ್ನೊಂದು ವರ್ಷ, ಅಮ್ಮತ್ತಿ ಕಡೆಯವಳು,
ಬೆಳಿಗ್ಗೆ ಅಲಾರಂ ಹೊಡೆದ ಕೂಡಲೇ ಬಿದ್ದವಳು.
ಇನ್ನೊಮ್ಮೆ, ತೋಟಕ್ಕೆ ನುಗ್ಗಿದ ಆನೆಗೆ
ಫಾರೆಸ್ಟಿನವರು ಪಟಾಕಿ ಸಿಡಿಸಿದ ರಾತ್ರಿ.
ನೊರೆಯಿಲ್ಲ, ನಾಲಿಗೆ ಕಚ್ಚಿಕೊಂಡಿಲ್ಲ,
ಮುಖ ಮಾತ್ರ ಸುಣ್ಣ.
ಕೈಗೆ ಕಬ್ಬಿಣ ಕೊಟ್ಟರು, ಈರುಳ್ಳಿ ಮೂಸಿಸಿದರು,
ಎದ್ದು ಕೂತು ಕೇಳಿದಳಂತೆ: ಸ್ಕೂಲಿಗೆ ಹೊತ್ತಾಯಿತಾ?

ವಿರಾಜಪೇಟೆ ಆಸ್ಪತ್ರೆಯಲ್ಲಿ ನನ್ನದು ಇಸಿಜಿ ಕೋಣೆ.
ಒಂದು ಮಂಚ, ಒಂದು ಪರದೆ, ಜೆಲ್ಲಿನ ತಣ್ಣನೆ ಬಾಟಲಿ.
ಡಾಕ್ಟರಲ್ಲ ನಾನು, ಕಾಗದ ಹರಿದು ಕೊಡುವವಳು.
ಹತ್ತೊಂಬತ್ತು ವರ್ಷ ಹರಿದು ಕೊಟ್ಟಿದ್ದೇನೆ,
ತಪ್ಪು ಗೆರೆ ಕಣ್ಣಿಗೆ ಹತ್ತುತ್ತದೆ
ಅಕ್ಕಿಯಲ್ಲಿ ಕಲ್ಲು ಹತ್ತುವ ಹಾಗೆ.

ಸಣ್ಣ ಚೌಕ ಎಣಿಸಿದೆ. ಹನ್ನೊಂದರೊಳಗೆ ಮುಗಿಯಬೇಕಾದ್ದು
ಹದಿಮೂರಕ್ಕೆ ಎಳೆದಿತ್ತು.
ಕೊನೆಯ ಅಲೆಯ ನೆತ್ತಿಯಲ್ಲಿ ಒಂದು ಕಚ್ಚು,
ಜೋಡಿ ಗುಡ್ಡದ ನಡುವಿನ ಇಳುಕಲಿನಂತೆ.
ಪೆನ್ಸಿಲ್ ಚೂಪು ಮಾಡಿ ಮತ್ತೆ ಎಣಿಸಿದೆ.
ಆಮೇಲೆ ಊಟಕ್ಕೆ ಕೂತ ಡಾಕ್ಟರನ್ನು ಎಬ್ಬಿಸಿದೆ.

ಮೈಸೂರಿನಿಂದ ಬಂದ ಉತ್ತರ ಉದ್ದವಿತ್ತು.
ತಲೆಯದ್ದಲ್ಲ, ಎದೆಯದ್ದು. ಹುಟ್ಟಿನಿಂದ ಬಂದದ್ದು.
ಮಾಂಸಕ್ಕೆ ಊನವಿಲ್ಲ, ಕವಾಟಕ್ಕೆ ಊನವಿಲ್ಲ,
ಉಪ್ಪಿನ ಕಣ ಹೊರಹೋಗುವ ಒಂದು ಬಾಗಿಲು ಬಿಗಿ.
ಬೆಚ್ಚಿಬಿದ್ದರೆ ತಾಳ ಸುರುಳಿ ಸುತ್ತಿಕೊಳ್ಳುತ್ತದೆ.
ಬಿಡಿಸಿಕೊಂಡರೆ ಎದ್ದಳು,
ಬಿಡಿಸಿಕೊಳ್ಳದಿದ್ದರೆ,
ಡಾಕ್ಟರು ಅಲ್ಲಿಗೆ ನಿಲ್ಲಿಸಿದರು.

ಮನೆಯವರೆಲ್ಲ ಬನ್ನಿ ಎಂದೆವು.
ಅಪ್ಪನದು ಹನ್ನೆರಡು. ತಮ್ಮನದು ಸರಿ.
ಕೊನೆಗೆ ಬೆಳ್ಯಪ್ಪಜ್ಜ, ಎದೆಯ ಬಿಳಿ ಕೂದಲನ್ನು
ನನ್ನ ರೇಜರಿಗೆ ಒಪ್ಪಿಸಿ ಛಾವಣಿ ನೋಡುತ್ತಾ ಹೇಳಿದರು:
"ನನ್ನ ತಂಗಿ ಚೋಂದವ್ವ. ಹದಿನಾಲ್ಕು.
ಕೈಲ್‌ಪೊಳ್ದ್ ದಿನ ಕೋವಿಯ ಬಾಯಿಗೆ ತೋಕ್‌ಪೂ ಸಿಕ್ಕಿಸಿದ್ದು ಅವಳೇ.
ಮಧ್ಯಾಹ್ನ ಮರದ ತುದಿಯ ತೆಂಗಿನಕಾಯಿಗೆ ಗುರಿ.
ಕಾಯಿ ಒಡೆಯಿತು. ಎಲ್ಲರೂ ಮೇಲೆ ನೋಡಿದೆವು.
ಕೆಳಗೆ ಅವಳು.
ಕುಲಿಯ ಹಿಡಿಯಿತು ಅಂದರು. ದೃಷ್ಟಿ ಅಂದರು.
ಹೊಡೆದದ್ದು ನಾನು."

ಸೂಜಿ ಆ ಮಾತಿಗೆ ಒಮ್ಮೆ ಹಾರಿತು.
ಅವರದೂ ಹನ್ನೆರಡೂವರೆ.
"ಕೇಪಿನ ಕೋವಿ ಗೊತ್ತಾ ನಿನಗೆ?
ಹೊಡೆದ ಮೇಲೆ ಮತ್ತೆ ಮದ್ದು ತುಂಬಲು ಹೊತ್ತು ಬೇಕು.
ನಮ್ಮವರ ಎದೆಗೆ ಆ ಹೊತ್ತು ಜಾಸ್ತಿ, ಅಷ್ಟೇ ತಾನೆ?"
ಅಷ್ಟೇ ಅಂದೆ.
ಮೈಸೂರಿನವರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಮಾತ್ರೆ ಮೂರು ಹೊತ್ತು, ಒಂದೂ ತಪ್ಪುವ ಹಾಗಿಲ್ಲ.
ನೆಗಡಿಗೆ ಅಂಗಡಿಯಿಂದ ಕೇಳಿ ತರುವ ಹಾಗಿಲ್ಲ;
ಆಗದ ಔಷಧಿಗಳ ಪಟ್ಟಿ ಅವಳ ಜಾಮಿಟ್ರಿ ಬಾಕ್ಸಿನಲ್ಲಿ.
ಮಾತ್ರೆ ಸೋತರೆ ಭುಜದ ಕೆಳಗೆ ಬೆಂಕಿಪೆಟ್ಟಿಗೆಯಷ್ಟು ಯಂತ್ರ,
ಆ ಮಾತು ಇನ್ನೂ ಕಾಗದದ ಮೇಲಿದೆ.
ಮೇಷ್ಟ್ರು ಮೂವರು ಎದೆ ಒತ್ತುವುದನ್ನು ದಿಂಬಿನ ಮೇಲೆ ಕಲಿತರು.
ಸ್ಕೂಲಿನ ಕರೆಂಟ್ ಬೆಲ್ಲಿನ ತಂತಿ ಕಿತ್ತು,
ರೈಲೇ ಇಲ್ಲದ ಜಿಲ್ಲೆಗೆ ಎಲ್ಲಿಂದಲೋ
ಹಳಿಯ ತುಂಡೊಂದು ತಂದು ನೇತುಹಾಕಿದರು.
ಬಾರಿಸುವ ಕೆಲಸ ದೇಚುವಿಗೇ.
ತಾನೇ ಬಾರಿಸಿದ್ದಕ್ಕೆ ಯಾರೂ ಬೆಚ್ಚುವುದಿಲ್ಲ.

ಫೆಬ್ರವರಿಯಲ್ಲಿ ಬೆಳ್ಯಪ್ಪಜ್ಜ ತೀರಿಕೊಂಡರು, ನಿದ್ದೆಯಲ್ಲಿ.
ಸಾವಿಗೆ ಎರಡು ಗುಂಡು, ಊರಿಗೆ ಸುದ್ದಿ ಹೋಗುವುದೇ ಹಾಗೆ.
ಆ ಬೆಳಿಗ್ಗೆ ಹೋಗಲಿಲ್ಲ.
ಮಗ ಅಂಗಳಕ್ಕೆ ಬಂದು ಖಾಲಿ ಕೋವಿಯನ್ನು
ಆಕಾಶಕ್ಕೆ ಎತ್ತಿ ಇಳಿಸಿದ.
ಮತ್ತೊಮ್ಮೆ ಎತ್ತಿ ಇಳಿಸಿದ.
ಅಜ್ಜನೇ ಬರೆದಿಟ್ಟಿದ್ದರಂತೆ.
ಅರ್ಧ ಊರಿಗೆ ಗೊತ್ತಾಗಲಿಲ್ಲ,
ತಡವಾಗಿ ಬಂದವರು ಮುನಿಸಿಕೊಂಡು ಕಾಫಿ ಕುಡಿಯಲಿಲ್ಲ.

ದೇಚು ಹಿಂಬಾಗಿಲಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಳು.
"ಆಂಟಿ, ತೋಕು ಹೊಡೆದರಾ?"
ಇಲ್ಲ ಅಂದೆ.
"ಹಾಗಾದರೆ ಅಜ್ಜನಿಗೆ ಹೇಗೆ ಗೊತ್ತಾಗುತ್ತದೆ, ಹೋದೆ ಅಂತ?"
ನನ್ನ ಚೀಲದಲ್ಲಿ ಅವರ ಕಾಗದವಿತ್ತು,
ಸೂಜಿ ಹಾರಿದ ಜಾಗ ಮಡಿಕೆಯೊಳಗೆ.
ಕೊಡೋಣವೆಂದು ತಂದದ್ದು, ಕೊಡಲಿಲ್ಲ.
ಅರ್ಧರ್ಧ ಹಣ್ಣು ತಿಂದೆವು, ಬೀಜ ಅಂಗೈಗೆ ಉಗಿದೆವು.
ಎರಡಾಯಿತು, ಮಾತ್ರೆ, ಎಂದು
ಒಳಗಿನಿಂದ ಯಾರೋ ಮೆಲ್ಲಗೆ ಕರೆದರು.