ತುದಿ ಸಿಗುವವರೆಗೆ

ಮಾತ್ರೆ ನುಂಗಿದ ಹದಿನೇಳನೇ ದಿನಕ್ಕೆ
ಮೀನಖಂಡದೊಳಗೆ ಯಾರೋ ಹಗ್ಗ ಹೊಸೆಯತೊಡಗಿದರು.
ಬಿಸಿನೀರ ಬಾಣಲೆ ಮುಂದೆ ಎಂಟು ತಾಸು
ನಿಂತೇ ದುಡಿವ ಕಾಲು ಇದು, ಸೋಲುವಂತಿಲ್ಲ.

ಡಾಕ್ಟರಮ್ಮ ಚೀಟಿಯ ಮೇಲೆ ಗೀಟೆಳೆದರು:
“ಇದನ್ನು ನಿಲ್ಲಿಸೋಣ. ಮೂರು ತಿಂಗಳು
ನಿಮ್ಮ ಬಾಯಿ, ನಿಮ್ಮ ಕಾಲು.
ಆಮೇಲೆ ರಕ್ತ ಹೇಳಿದ ಹಾಗೆ.”
ನೂರ ಎಪ್ಪತ್ತೆಂಟು.
ಗೂಡಿನ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟೆ,
ಆ ದಿನದ ಕಿಲೋ ರೇಟಿನ ಕೆಳಗೆ.

ಖೈರುನ್ನೀಸಾ ಎಣ್ಣೆ ಡಬ್ಬಕ್ಕೆ ದಬ್ಬಣದಲ್ಲಿ ಗೆರೆ ಕೊರೆದಳು,
ತಿಂಗಳಿಗೆ ಇಷ್ಟೇ, ಇದರ ಮೇಲಿಲ್ಲ.
ತಮ್ಮ ಓಟ್ಸ್ ತಂದುಕೊಟ್ಟ. ಅವಳು ನಕ್ಕಳು:
“ನಮ್ಮ ರಾಗಿಕಲ್ಲು ಸುಮ್ನೆ ಸವೀತಾ?”
ಹುರುಳಿಕಟ್ಟಿನ ಸಾರು, ದಂಟಿನ ಸೊಪ್ಪು, ಮುದ್ದೆ;
ಪರೋಟದ ತವೆ ಮೊಳೆಗೆ ನೇತುಬಿದ್ದು
ಬೆಳಿಗ್ಗೆ ಬೆಳಿಗ್ಗೆ ನನ್ನ ಮುಖ ನೋಡುತ್ತಿತ್ತು.

ಗೂಡಿನ ಮಾರ್ಕೆಟ್ಟಿಗೆ ಗಾಡಿ ಬಿಟ್ಟು ನಡೆದೆ.
“ಏನ್ ಸಾಬ್ರೆ, ಪೆಟ್ರೋಲ್ ಮುಗೀತಾ?” ಮುನಿರತ್ನಮ್ಮ.
“ಇಲ್ಲಮ್ಮ, ಜಾಸ್ತಿಯಾಗಿದೆ,” ಎದೆ ಮುಟ್ಟಿ ತೋರಿಸಿದೆ.

ನೂಲು ಬಿಚ್ಚಿದ ಮೇಲೆ ಉಳಿವ ಹುಳುವಲ್ಲಿ ಎಷ್ಟು ಎಣ್ಣೆ!
ಹಿಂಡುವವರು ಮೂಟೆ ಮೂಟೆ ಒಯ್ಯುತ್ತಾರೆ,
ಆ ನಾತವೇ ನಮ್ಮ ಓಣಿಯ ಗಾಳಿ.
ಒಳಗೆ ಇಷ್ಟು ಕೊಬ್ಬಿಟ್ಟುಕೊಂಡು
ಅಷ್ಟು ಸಣ್ಣ ಎಳೆ ಉಗುಳಿದ್ದು ಹೇಗೆ?
ಮೂವತ್ತು ವರ್ಷದಲ್ಲಿ ಮೊದಲ ಸಲ ಕೇಳಿಕೊಂಡೆ.

ಅಬ್ಬಾ ಐವತ್ತನಾಲ್ಕಕ್ಕೆ
ಇದೇ ಬಾಣಲೆ ಮುಂದೆ ಕುಸಿದರು.
ರಾಟೆ ನಿಲ್ಲಲಿಲ್ಲ.
ಪಕ್ಕದವರು ಓಡಿಬಂದು ಬೆಲ್ಟ್ ಕಳಚುವವರೆಗೆ
ಎಳೆಯಿಲ್ಲದೆ ತಿರುಗುತ್ತಲೇ ಇತ್ತು.
ನನಗೀಗ ಐವತ್ತೆರಡು.

ಬಕ್ರೀದಿಗೆ ಎದುರುಮನೆಯಿಂದ ನಲ್ಲಿಮೂಳೆ ಬಂತು,
ಬೋಗುಣಿ ತುಂಬ. ಮುಚ್ಚಳ ತೆಗೆದೆ.
ಮುಚ್ಚಿದೆ. ಮತ್ತೆ ತೆಗೆದೆ.
ಒಂದನ್ನು ಚೀಪಿದೆ, ಸುಳ್ಳೇಕೆ.
ಆ ರಾತ್ರಿ ಕೆರೆಕಟ್ಟೆಯ ಮೇಲೆ ಎರಡು ಸಲ ಹೋಗಿಬಂದೆ,
ಸಾಲ ಕೊಟ್ಟವನು ಬೆನ್ನು ಹತ್ತಿದ ಹಾಗೆ.

ನೂರ ನಲವತ್ತಾರು.
ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು.
“ಇಳಿದಿದೆ. ಸಾಲದು. ತಂದೆಯ ವಿಷಯ ಮರೀಬೇಡಿ.
ಇನ್ನು ಮೂರು ತಿಂಗಳು. ಆಗಲೂ ಹೀಗೇ ಇದ್ದರೆ
ಬೇರೆ ಮಾತ್ರೆ ಇದೆ, ಹಠ ಮಾಡಬೇಡಿ.”
ಹೂಂ ಅಂದೆ. ಹಠ ಯಾರಿಗೆ ಬೇಕು.
ಎಳೆ ತುಂಡಾದರೆ ನಾವು ರಾಟೆಗೆ ಬೈಯುವುದಿಲ್ಲ,
ಸುಡುವ ನೀರಿಗೆ ಬೆರಳದ್ದಿ
ತುದಿ ಸಿಗುವವರೆಗೆ ತಡಕುತ್ತೇವೆ.

ಮೀನಖಂಡದ ಹಗ್ಗ ಬಿಚ್ಚಿಕೊಂಡಿದೆ.
ಬಾಣಲೆ ಕುದಿಯುತ್ತಿದೆ.
ಒಳಗೆ ಖೈರುನ್ನೀಸಾ ದಬ್ಬಣ ಹುಡುಕುತ್ತಿದ್ದಾಳೆ,
ಗೆರೆ ಇನ್ನೊಂದು ಬೆರಳು ಕೆಳಗಿಳಿಯಬೇಕಂತೆ.