ತೂಗುವ ಮೊದಲು

ದೆಂಕಣಿಕೋಟೆ ಬಸ್‌ಸ್ಟ್ಯಾಂಡಿನ ಹಿಂದೆ
ನಮ್ಮದು ನಾಟಿ ಮದ್ದಿನ ಅಂಗಡಿ.
ಬೋರ್ಡು ತಮಿಳಲ್ಲಿ, ಲೆಕ್ಕ ತೆಲುಗಲ್ಲಿ,
ಬೈಗುಳ ಮಾತ್ರ ಅಚ್ಚ ಕನ್ನಡ.

ಮಾರ್ಗಶಿರ ಹುಟ್ಟಿದರೆ ಸಾಕು,
ಮಂಜು ಇಳಿದ ಹಾಗೇ ಇಳಿಯುತ್ತದೆ ಊರಿನ ಮೂಗು.
ಒಬ್ಬರು ಜಲದೋಷಂ ಅಂತಾರೆ, ಇನ್ನೊಬ್ಬರು ಜಲುಬು,
ನೆಗಡಿ ಅನ್ನುವಷ್ಟರಲ್ಲಿ ಮೂರನೆಯವರಿಗೆ ಸೀನು.
ಸೀನಿಗೆ ಭಾಷೆಯಿಲ್ಲ.
ಗುಲಾಬಿ ಶೆಡ್ಡಿಗೆ ಹೋಗುವ ಹೆಂಗಸರು
ಆರೂವರೆ ಬಸ್ಸಿಗೆ ಮೊದಲೇ ಶಟರ್ ತಟ್ಟುತ್ತಾರೆ:
"ಅಕ್ಕಾ, ಹತ್ತು ರೂಪಾಯಿಗೆ ಅತಿಮಧುರ."

ನೋಡಲು ಒಲೆಗೆ ಹಾಕಬೇಕಾದ ಪುಳ್ಳೆ.
ಉಗುರಲ್ಲಿ ಗೀರಿದರೆ ಒಳಗೆ ಅರಿಶಿನದ ಬಣ್ಣ,
ಹಲ್ಲಿಗೆ ಸಿಕ್ಕರೆ ನಾರು, ನಾರಿನೊಳಗೆ
ಯಾರೋ ಬಚ್ಚಿಟ್ಟು ಮರೆತ ಬೆಲ್ಲ.
ಗಂಟಲ ಗರಗಸಕ್ಕೆ ಎಣ್ಣೆ ಬಿಟ್ಟ ಹಾಗೆ.

ಹಿಂದೆಲ್ಲ ಕೇಳದೆ ತೂಗುತ್ತಿದ್ದೆ.
ಬೇರು ತಾನೆ, ಮಣ್ಣಿನದು, ಏನು ಮಾಡೀತು!
ನಮ್ಮತ್ತೆ ಯೆಂಗಟಮ್ಮ ಕೂತಿದ್ದ ಕಾಲದಲ್ಲೂ
ತಕ್ಕಡಿಗೆ ಬಾಯಿರಲಿಲ್ಲ.

ಆಮೇಲೆ ಬಂದ ಬೇಟರಾಯಪ್ಪ,
ಹೊಸೂರು ಲೈನಿನಲ್ಲಿ ಟಿಕೆಟ್ ಹರಿದು ಹರಿದು
ಗಂಟಲೂ ಹರಕೊಂಡ ಕಂಡಕ್ಟರು.
ಫ್ಲೂ ಬಂದು ಹೋಗಿತ್ತು, ಕೆಮ್ಮು ಇಳಿದುಕೊಂಡಿರಲಿಲ್ಲ.
ವಾರಕ್ಕೊಂದು ಕಟ್ಟು ಒಯ್ದ. ವಾರ ತಿಂಗಳಾಯಿತು.
ಕೆಮ್ಮು ಹೋದಮೇಲೂ ಒಯ್ದ,
ಬೀಡಿ ಬಿಟ್ಟಿದ್ದನಂತೆ, ಅದರ ಜಾಗಕ್ಕೆ ಬೇರು,
ದವಡೆಯಲ್ಲಿ ಇಟ್ಟುಕೊಂಡೇ ವಿಸಿಲ್ ಊದುತ್ತಿದ್ದ.
ನಾನು ಖುಷಿಗೆ ಒಂದು ತುಂಡು ಹೆಚ್ಚಿಗೆ ಹಾಕಿದೆ.

ಯುಗಾದಿ ಹೊತ್ತಿಗೆ ಕಾಲು ಚಪ್ಪಲಿಯೊಳಗೆ ಹಿಡಿಸಲಿಲ್ಲ.
ಒತ್ತಿದರೆ ಬೆರಳ ಗುಳಿ ಹಾಗೇ ನಿಲ್ಲುತ್ತಿತ್ತು
ಆರಿದ ಮುದ್ದೆಯಲ್ಲಿ ನಿಂತ ಹಾಗೆ.
ಅವನ ಬಸ್ಸಿನ ಮೆಟ್ಟಿಲಿಗೇ ಅವನ ತೊಡೆ ಒಪ್ಪಲಿಲ್ಲ.
ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ
ಎರಡು ಸಲ ಊದಿಸಿ, ಮೂರನೇ ಸಲ ಊದಿಸಿ ಕೇಳಿದರಂತೆ:
"ಬಿಪಿ ಮಾತ್ರೆ ನುಂಗ್ತಿದ್ದೀರಲ್ಲ, ಬಾಯಲ್ಲಿ ಅದೇನು?"

ತೆಗೆದು ತೋರಿಸಿದ.
ನನ್ನ ಅಂಗಡಿಯ ತುಂಡು.

ಬದುಕಿದ. ಬೇರು ಬಿಟ್ಟ, ಬಾವು ಇಳಿಯಿತು.
ನನ್ನನ್ನು ಬೈಯಲಿಲ್ಲ; ಅದೇ ತೊಂದರೆ.
ಈಗಲೂ ಬಸ್ಸಿನ ಬಾಗಿಲಿಂದ ಕೈ ಎತ್ತುತ್ತಾನೆ.
ಅವತ್ತು ರಾತ್ರಿ ಡಬ್ಬದ ಮೇಲಿನ ಚೀಟಿ ಓದಿದೆ,
ನಲವತ್ತು ವರ್ಷದಿಂದ ಅಲ್ಲೇ ಅಂಟಿಕೊಂಡಿದ್ದ ಹೆಸರು:
ಅತಿ. ಆಮೇಲೆ, ಮಧುರ.
ಎಚ್ಚರಿಕೆ ಮೊದಲು ಬರೆದು
ಸಿಹಿಯನ್ನು ಹಿಂದೆ ನಿಲ್ಲಿಸಿದ್ದರು ಯಾರೋ.
ನಾವು ಓದಿದ್ದು ಹಿಂದಿನಿಂದ.

ಈಗ ತಕ್ಕಡಿಗೆ ಮೊದಲು ನನ್ನ ಬಾಯಿ.
ಬಿಪಿ ಇದೆಯಾ? ಗುಂಡಿಗೆಯದು, ಕಿಡ್ನಿಯದು ಏನಾದರೂ?
ನೀರಿಳಿಸುವ ಮಾತ್ರೆ?
ದನಿ ತಗ್ಗಿಸಿ: ತಿಂಗಳು ನಿಂತಿದೆಯೇನವ್ವ?
ಹಿಂದಿದ್ದವಳು ಕಿಸಕ್ಕೆನ್ನುತ್ತಾಳೆ, ಬಸ್ಸು ಹಾರನ್ ಹೊಡೆಯುತ್ತದೆ.
ಮೊನ್ನೆ ಒಬ್ಬಳು ಹೂಂ ಎಂದಳು, ನೆಲ ನೋಡುತ್ತ.
ಅವಳಿಗೆ ಬೇರಿಲ್ಲ. ಬಿಸಿನೀರು, ಉಪ್ಪು, ಮುಕ್ಕಳಿಸು.
ಮುನಿಸಿಕೊಂಡು ಹೋದಳು. ಹೋಗಲಿ.

ಉಳಿದವರಿಗೆ ಕಿರುಬೆರಳ ಒಂದು ಗೆಣ್ಣಿನಷ್ಟು,
ಜಜ್ಜಿ, ಶುಂಠಿ ಜತೆ ಕುದಿಸಿ, ದಿನಕ್ಕೊಂದು ಲೋಟ,
ಮೂರು ದಿನ. ಆಮೇಲೂ ಜ್ವರ ಬಿಡದಿದ್ದರೆ,
ನಡುವೆಯೇ ಉಸಿರು ಎಳೆದರೆ,
ನನ್ನ ಹತ್ತಿರ ಬರಬೇಡಿ; ಆಸ್ಪತ್ರೆ ಆ ಕಡೆ.

ಹೋದವಾರ ಧರ್ಮಪುರಿಯಿಂದ ಇಳಿದ ಮೂಟೆಯಲ್ಲಿ
ಬೇರೆ ಬೇರು ಬೆರೆತಿತ್ತು, ಗುಲಗಂಜಿ ಬಳ್ಳಿಯದು.
ಅದೂ ಸಿಹಿ, ಸುಳ್ಳು ಹೇಳಲು ಸಾಕಾಗುವಷ್ಟು.
ನಡುರಾತ್ರಿವರೆಗೆ ಒಂದೊಂದೇ ಗೀರಿ ನೋಡಿದೆ.
ಅನುಮಾನದ್ದೆಲ್ಲ ವಾಪಸು. ಮೂಟೆ ಕಾಲುಭಾಗ ಉಳಿಯಿತು,
ಉಗುರು ಇನ್ನೂ ಹಳದಿ.

ವ್ಯಾಪಾರ ಇಳಿದಿದೆ ಅಂತ
ಗಂಡ ಲೆಕ್ಕದ ಪುಸ್ತಕ ಮುಂದೆ ಹಿಡಿಯುತ್ತಾನೆ.
ನನಗೆ ತೆಲುಗು ಓದಲು ಬರುವುದಿಲ್ಲ ಎಂದು ಹೇಳಿ
ಶಟರ್ ಎತ್ತುತ್ತೇನೆ.