ಏಪ್ರಿಲ್ ತಿಂಗಳ ಒಂಟೆ

ಮಳೆಗೆ ಇನ್ನೂ ತಿಂಗಳಿರುವಾಗ, ಸೆಕೆ
ಗಂಟಲ ತನಕ ಬಂದು ನಿಂತ ರಾತ್ರಿಗಳಲ್ಲಿ
ನಮ್ಮ ಟಿವಿಯೊಳಗೆ ಒಂಟೆ ಬರುತ್ತಿತ್ತು.

ಆರ್ಗಾದ ನಮ್ಮ ಕೇರಿಯಲ್ಲಿ ಆಗ ಎರಡೇ ಟಿವಿ.
ಮಾಸ್ತರರದಕ್ಕೆ ಮರದ ಬಾಗಿಲು, ಬೀಗ.
ಇನ್ನೊಂದು ದುರ್ಗಿಅತ್ತೆಯದು,
ಬಂಗಡೆ ಮಾರಿದ ಚಿಲ್ಲರೆಯಲ್ಲಿ ಕಂತು ಕಟ್ಟಿದ್ದು,
ಮುಟ್ಟಿದರೆ ಸಣ್ಣಗೆ ಕಚ್ಚುತ್ತಿತ್ತು.
ಕೋಡಿಬಾಗದ ಇನಾಸ ಬಂದು ಬಿದಿರಿಗೆ ಆಂಟೆನಾ ಬಿಗಿದು
"ಪಣಜಿ ಸಿಕ್ಕರೆ ನಿಮ್ಮ ಪುಣ್ಯ" ಅಂದು ಹೋಗಿದ್ದ.

ಸಿಕ್ಕಿತು, ಅರ್ಧ.
ಉಳಿದರ್ಧ ಸಮುದ್ರದ ಆಚೆ ದಡದ್ದು.
ಗಾಳಿ ಬಿದ್ದು, ನೀರು ಎಣ್ಣೆಯಂತೆ ಮಲಗಿದ ರಾತ್ರಿ
ವಾರ್ತೆ ಓದುವವನ ಟೈಯೊಳಗಿಂದ
ಒಂಟೆಯೊಂದು ನಿಧಾನ ನಡೆದು ಬಂದು
ಅವನ ಎಡಗಿವಿಯಲ್ಲಿ ಮರೆಯಾಗುತ್ತಿತ್ತು.
ಧಾರಾವಾಹಿಯ ಸೊಸೆ ಅಳುತ್ತ ಬಾಗಿಲು ತೆರೆದರೆ
ಹೊರಗೆ ಅಂಗಳವಿಲ್ಲ, ಮರಳು.
ಮಾವ ಬಾಯಿಬಿಟ್ಟರೆ ಹೆಂಗಸಿನ ದನಿ, ಅರಬ್ಬಿಯಲ್ಲಿ.
ಅವನ ಮೀಸೆಯ ಕೆಳಗೆ
ಬಲದಿಂದ ಎಡಕ್ಕೆ ಓಡುವ ಅಕ್ಷರ.

ಮಾಸ್ತರರು ಛತ್ರಿ ಊರಿ ಹೊಸಿಲಲ್ಲೇ ನಿಂತು ಹೇಳುತ್ತಿದ್ದರು:
ಎರಡು ಕೇಂದ್ರ ಒಂದರ ಮೇಲೊಂದು ಕೂತದ್ದು,
ಬಿಸಿಗಾಳಿಯ ಪದರ, ಹೀಗೆ ಬಂದು, ಹೀಗೆ ಬಾಗಿ...
ಯಾರಿಗೆ ಬೇಕಿತ್ತು. ಹದಿನೆಂಟು ಜನ ನಾವು
ಸೆಗಣಿ ಸಾರಿಸಿದ ನೆಲದಲ್ಲಿ ಮೊಣಕಾಲು ಕೂಡಿಸಿ
ಒಂಟೆ ಈ ಸಲ ಯಾರೊಳಗಿಂದ ಹೊರಡುತ್ತದೆ
ಅಂತ ಕಾಯುತ್ತಿದ್ದೆವು.

ತಲೆಬುಡ ಇಲ್ಲ, ಅಂದ ಯಾರೋ.
ದುರ್ಗಿಅತ್ತೆ ನಕ್ಕಳು. ದಿನಾ ಪೇಟೆಯಲ್ಲಿ
'ತಲೆ ತೆಗೀಲಾ, ಇಡಲಾ?' ಕೇಳಿ ಕೇಳಿ ಸೋತವಳು.
"ತಲೆ ಬಾಲ ತೆಗ್ದು, ಮುಳ್ಳು ಬಿಡ್ಸಿ ಕೊಟ್ರೆ
ಅದು ಯಾವ ಮೀನು ಅಂತ ಹೆಂಗೆ ಗೊತ್ತಾಗ್ತದೆ ನಿಂಗೆ?
ಇದು ಇಡೀ ಮೀನು. ಕಣ್ಣು ಬಿಟ್ಕಂಡೇ ಬಂದದೆ.
ನೋಡು ಸುಮ್ಗೆ."

ಆ ವರ್ಷವೇ ಇರಬೇಕು, ಜೀಪು ಬಂತು.
ಇಸ್ತ್ರಿ ಅಂಗಿಯವನು ಜಗಲಿಯ ಮೇಲೆ ನಕಾಶೆ ಬಿಡಿಸಿ
ಒಂದು ಕತೆ ಹೇಳಿದ. ಶುರು ಇತ್ತು, ನಡು ಇತ್ತು, ಕೊನೆ ಇತ್ತು.
ಸರ್ವೆ ನಂಬರು, ಗುಂಟೆ, ತೆಂಗು ಹನ್ನೊಂದು, ಬಾವಿ ಒಂದು,
ನೌಕಾಪಡೆ, ದೇಶ, ಪರಿಹಾರ, ಸಹಿ.
ಎಲ್ಲ ಅರ್ಥವಾಯಿತು. ಒಂದಕ್ಷರವನ್ನೂ ನಂಬಲಾಗಲಿಲ್ಲ.
ನೀರು ಸೇದುತ್ತಿದ್ದ ಅತ್ತೆಯ ಕೈಯಲ್ಲಿ
ಕೊಡ ನಡುಬಾವಿಯಲ್ಲಿ ನಿಂತುಬಿಟ್ಟಿತ್ತು.
"ಇವನ ಹತ್ರ ಒಂಟೆ ಇಲ್ಲ," ಅಂದಳು, ನನಗೆ ಮಾತ್ರ ಕೇಳುವ ಹಾಗೆ.

ಆಮೇಲಿನ ಕಂತುಗಳನ್ನು ಯಾರು ಬರೆದರೋ ತಿಳಿಯದು.
ಬಾವಿ ಗೋಡೆಯಾಚೆ ಹೋಯಿತು. ಈಗ ಅದನ್ನು ಇಣುಕಲು ಪಾಸು ಬೇಕು.
ಹೊಸ ಮನೆಯಲ್ಲಿ ಸಮುದ್ರದ ಸಪ್ಪಳ
ಗುಡ್ಡದ ಕಡೆಯಿಂದ ಬರುತ್ತದೆ.
ಅತ್ತೆ ಬೆಳಗಾಗೆದ್ದು ಹಳೆ ಮನೆಯ ಮೆಟ್ಟಿಲು ಇಳಿಯುತ್ತಾಳೆ.
ಇಲ್ಲಿ ಮೆಟ್ಟಿಲಿಲ್ಲ.
ದಿನವೂ ಒಂದು ಗೇಣು ಗಾಳಿಯಲ್ಲಿ ಅವಳ ಕಾಲು.

ಮಾಡಿನ ಮೇಲೀಗ ಡಿಶ್. ಚಿತ್ರ ತೊಳೆದಿಟ್ಟ ಹಾಗೆ.
ಸೊಸೆ ಬಾಗಿಲು ತೆರೆದರೆ ಹೊರಗೆ ಅಂಗಳವೇ,
ಮಾವನಿಗೆ ಮಾವನದೇ ದನಿ.
ಅತ್ತೆ ಜಾಹೀರಾತಿಗೂ ಮುಂಚೆ ಗೊರಕೆ ಹೊಡೆಯುತ್ತಾಳೆ.

ಮೊನ್ನೆ ಅಂಕೋಲೆಯಿಂದ ಬರುವ ಬಸ್ಸಿನಲ್ಲಿ, ಮೊಬೈಲಿನಲ್ಲಿ
ಯಾವುದೋ ದೇಶದ ಸರಣಿ. ಒಬ್ಬ ಗುಮಾಸ್ತ
ಫ್ರಿಜ್ಜು ತೆರೆದ. ಒಳಗೆ ಅವನು ಕಲಿತ ಶಾಲೆ,
ಗಂಟೆ ಹೊಡೆಯುತ್ತಿತ್ತು, ಮಕ್ಕಳು ಓಡುತ್ತಿದ್ದರು.
ಮೊಸರು ತೆಗೆದುಕೊಂಡು ಬಾಗಿಲು ಹಾಕಿದ.

ಪಕ್ಕದ ಸೀಟಿನ ಹುಡುಗ ಇಣುಕಿ ಕೇಳಿದ:
ಇದರ ಅರ್ಥ ಎಂತದು?

ಬಸ್ಸು ಆರ್ಗಾ ದಾಟುತ್ತಿತ್ತು.
ಎಡಕ್ಕೆ ಗೋಡೆ, ಗೋಡೆಯ ಮೇಲೆ ತಂತಿಸುರುಳಿ,
ಅದರಾಚೆ ಹನ್ನೊಂದರಲ್ಲಿ ಎಷ್ಟು ತೆಂಗು ಉಳಿದಿವೆ
ಎಣಿಸತೊಡಗಿದೆ. ನಾಲ್ಕು. ಐದು.
ತಿರುವು.

ಒಂದು ಕಿವಿಯ ಇಯರ್‌ಫೋನ್ ಬಿಚ್ಚಿ ಅವನಿಗೆ ಕೊಟ್ಟೆ.
ಗುಮಾಸ್ತ ಮತ್ತೆ ಫ್ರಿಜ್ಜಿನ ಹತ್ತಿರ ಬಂದಿದ್ದ.